ಹಸಿರು ಟ್ಯಾಂಕಿನ ಹಿಂದಿನ ಮನೆ

ವಾಲ್ಪರೈಸೊ ಬಂದರಿನ ಆಸ್ಪತ್ರೆ, ಮಕ್ಕಳ ವಾರ್ಡು,
ತರಬೇತಿಯಲ್ಲಿ ನನಗದು ಎರಡನೆಯ ವರ್ಷ.
ಹುಡುಗಿ ರಾಯೆನ್, ನಾಲ್ಕು ತುಂಬಿಲ್ಲ,
ಚಳಿ ಶುರುವಾದಾಗಿನಿಂದ ಮೂರು ಸಲ ಬಂದಿದ್ದಾಳೆ,
ಮೂರು ಸಲವೂ ಎದೆ ಹರಕು ತಿದಿ.
ಫೈಲಿನಲ್ಲಿ ನನ್ನದೇ ಅಕ್ಷರ, ದುಂಡಗೆ:
ಮನೆಯವರು ಔಷಧ ಸರಿಯಾಗಿ ಕೊಡುತ್ತಿಲ್ಲ.
ತಾಯಿಗೆ ತಿಳಿಹೇಳಲಾಗಿದೆ.

ಡಾಕ್ಟರ್ ಬರ್ರಿಯೆಂತೋಸ್ ಓದಿದರು, ತಲೆ ಎತ್ತಲಿಲ್ಲ.
ನಾಳೆ ಮಧ್ಯಾಹ್ನ ಗಟ್ಟಿ ಶೂ ಹಾಕಿಕೊಂಡು ಬಾ, ಎಂದರು,
ಇದಲ್ಲ.

ವಿಳಾಸಕ್ಕೆ ನಂಬರಿಲ್ಲ.
ಹಸಿರು ನೀರಿನ ಟ್ಯಾಂಕಿನ ಹಿಂದೆ, ಅಷ್ಟೆ.
ಗುಡ್ಡ ಹತ್ತಿಸುವ ಹಳಿಬಂಡಿ ಕೆಟ್ಟು ಎಷ್ಟು ಕಾಲವಾಯಿತೋ,
ಹಳಿಯ ಮೇಲೆ ನಾಯಿ ಬಿಸಿಲು ಕಾಯಿಸುತ್ತಿತ್ತು.
ಮೆಟ್ಟಿಲು ನೂರ ಅರವತ್ತಮೂರು.
ತೊಂಬತ್ತಕ್ಕೇ ನಿಂತೆ, ಮೊಣಕಾಲಿಗೆ ಕೈಯೂರಿ,
ಕೆಳಗೆ ಹಡಗುಗಳು ಬೆಂಕಿಪೊಟ್ಟಣದಷ್ಟು,
ಬಾಯಿ ತೆರೆದರೆ ಮಾತಿಲ್ಲ, ಬರೀ ಏದುಸಿರು.
ನಮ್ಮನ್ನು ಕರೆದೊಯ್ಯಲು ಇಳಿದು ಬಂದ ರಾಯೆನ್
ತಾಯಿಯ ಕೋಟು ಜಗ್ಗಿ ಕೇಳಿದಳು:
ಇವರಿಗೂ ಪಂಪು ಬೇಕಾ?

ತಗಡಿನ ಗೋಡೆ, ಎರಡು ಕೋಣೆ.
ನಡುವೆ ಸೀಮೆಎಣ್ಣೆ ಒಲೆ, ಒಲೆಯ ಮೇಲೆ ಹಗ್ಗ,
ಹಗ್ಗದ ತುಂಬ ಒಣಗದ ಬಟ್ಟೆ,
ಮೂಲೆಯಲ್ಲಿ ಬೂಷ್ಟು ನಿಧಾನ ನಕ್ಷೆ ಬರೆಯುತ್ತಿತ್ತು.
ಮಗುವನ್ನು ಹೊಗೆಯಿಂದ ದೂರವಿಡಿ ಎಂದು ನಾನು ಕೊಟ್ಟ ಚೀಟಿ
ಅದೇ ಹಗ್ಗಕ್ಕೆ, ಕಾಲುಚೀಲದ ಪಕ್ಕ,
ಕ್ಲಿಪ್ಪು ಹಾಕಿಸಿಕೊಂಡು ನೇತಾಡುತ್ತಿತ್ತು.

ಯಾಸ್ನಾಗೆ ರಾತ್ರಿಪಾಳಿ, ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ.
ಅವಳು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ.
ವಾರ್ಡಿನಲ್ಲಿ ನಾನು ತಿಳಿಹೇಳುವಷ್ಟು ಹೊತ್ತೂ
ಉಸಿರೆತ್ತದೆ ಕೂತಿದ್ದಳು;
ಮೊದಲ ಸಲ ಅದನ್ನು ಒಪ್ಪಿಗೆ ಎಂದುಕೊಂಡೆ,
ಮೂರನೆಯ ಸಲ ಉಡಾಫೆ ಎಂದು.
ರಾತ್ರಿ ಮಗು ತಾತನ ಪಾಲು.

ತಾತ ಎಲಿಯಾಸರ್, ಹಡಗುಗಳಿಗೆ ಹಗ್ಗ ಬಿಗಿಯುತ್ತಿದ್ದವನು,
ಈಗ ಎರಡೂ ಕಣ್ಣಿಗೆ ಪೊರೆ.
ಪಂಪು ಹೇಗೆ ಕೊಡುತ್ತೀರಿ, ತೋರಿಸಿ, ಎಂದೆ,
ತಪ್ಪು ಹಿಡಿಯಲು ಪೆನ್ನು ತೆಗೆದು.
ಅಂಗೈಯನ್ನು ಮಗುವಿನ ಬೆನ್ನಿಗಾನಿಸಿದ,
ಒಳಗಿನ ಸದ್ದು ಅಲ್ಲಿಂದಲೇ ಕೇಳುವವನಂತೆ.
ಮೂಗು ಬಾಯಿಗೆ ಕೂದಲೆಳೆ ಸಂದಿಲ್ಲದೆ ಮಾಸ್ಕು ಕೂರಿಸಿದ.
ಒತ್ತಿದ. ಸುಸ್.
ಹತ್ತು ಉಸಿರು ಎಣಿಸಿದ.
ನಾನು ಕಲಿಸುವುದಕ್ಕಿಂತ ಚೆನ್ನಾಗಿತ್ತು.
ಎರಡು ಹೊತ್ತೂ, ಮಗಳೇ, ಒಂದು ದಿನ ತಪ್ಪಿಸಿಲ್ಲ.

ಪಂಪನ್ನು ಕೈಗೆ ತೆಗೆದುಕೊಂಡು ತಿರುಗಿಸಿದೆ.
ಬೆನ್ನಿನ ಪುಟ್ಟ ಕಿಂಡಿಯಲ್ಲಿ ಸೊನ್ನೆ.
ಮದ್ದು ಮುಗಿದ ಮೇಲೂ ಅದು ಸುಸ್ ಎನ್ನುತ್ತದೆ.
ಎಷ್ಟು ವಾರದಿಂದಲೋ ಮೊಮ್ಮಗಳಿಗೆ
ಬರಿಗಾಳಿ ಕುಡಿಸಿದ್ದಾನೆ ಮುದುಕ,
ಹೊತ್ತು ಹೊತ್ತಿಗೆ ಸರಿಯಾಗಿ.

ನನಗೆ ಬಾಯಿ ಬರಲಿಲ್ಲ.
ಬರ್ರಿಯೆಂತೋಸ್ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು
ತಪ್ಪು ನಮ್ಮದು, ಡಬ್ಬಿ ಬರಿದಾದರೆ ತಿಳಿಯುವ ಬಗೆ
ನಿಮಗೆ ಯಾರೂ ಹೇಳಲಿಲ್ಲ, ಎಂದರು.
ಒಲೆಯ ಬತ್ತಿ ಚಟಪಟ ಅಂತು.
ಬಹಳ ಹೊತ್ತಿನ ಮೇಲೆ ಆತ ಕೇಳಿದ:
ಒಂದರಲ್ಲಿ ಎಷ್ಟು ದಿನದ್ದಿರುತ್ತದೆ?
ಮೂವತ್ತು.
ಜೇಬಿನಿಂದ ದಾರ ತೆಗೆದು, ನೋಡುವ ಹಂಗಿಲ್ಲದ ಬೆರಳಲ್ಲಿ,
ಮೂವತ್ತು ಗಂಟು ಹಾಕಿ ಮೊಳೆಗೆ ತೂಗಿಬಿಟ್ಟ.
ರಾತ್ರಿಗೊಂದು ಬಿಚ್ಚುತ್ತೇನೆ. ದಾರ ನುಣ್ಣಗಾದ ದಿನ
ಇವಳನ್ನು ನಿಮ್ಮಲ್ಲಿಗೆ ಅಟ್ಟುತ್ತೇನೆ.

ವಾರ್ಡಿಗೆ ಮರಳಿ ಫೈಲು ತೆರೆದೆ.
ಬರೆದದ್ದನ್ನು ಅಳಿಸುವಂತಿಲ್ಲ, ನಿಯಮ;
ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು,
ಗೆರೆಯ ಅಡಿಯಲ್ಲಿ ತಪ್ಪು ಓದಲು ಸಿಗುತ್ತಿರಬೇಕು.
ಹೊಸ ಪಂಪು, ಬರೆದೆ. ತಾತನ ಕಣ್ಣಿಗೆ ಚೀಟಿ, ಬರೆದೆ.
ದಾರ, ಎಂದೂ ಬರೆದೆ.
ಒಲೆಗೆ ಏನು ಬರೆಯಲಿ, ತಿಳಿಯದೆ ಕೂತೆ.
ಆ ಸಾಲು ಈಗಲೂ ಖಾಲಿಯಿದೆ,
ಜುಲೈ ಇನ್ನೂ ಅರ್ಧ ಬಾಕಿಯಿದೆ.